ಒಳಒಪ್ಪಂದದಿಂದ ಸಮ್ಮತಿಗೆ: ಹಿಂದೂ ವಿವಾಹ ಕಾಯಿದೆಯ ಒಂದು ಕಲಮಿನ ಪರಾಮರ್ಶೆ

ಧರ್ಮಶಾಸ್ತ್ರದ ಒಂದು ಸೂತ್ರಕ್ಕೆ ನಾಲ್ಕು ವ್ಯಾಖ್ಯಾನಗಳನ್ನು ಹುಡುಕಿ ಓದುವ ವಿದ್ವಾಂಸರು ಕೂಡ ಇಂದಿನ ಸಂಸಾರಗಳನ್ನು ಆಳುತ್ತಿರುವ ಕಾಯಿದೆಯ ವಾಕ್ಯವೊಂದನ್ನು ಅದೇ ಎಚ್ಚರದಿಂದ ಓದುವುದು ವಿರಳ. ಅದು ವಕೀಲರ ಸೊತ್ತೆಂದು ಭಾವಿಸಿ ಸುಮ್ಮನಾಗುವುದು ರೂಢಿಯಾಗಿದೆ. ಆದರೆ ಕಾಯಿದೆಯೂ ಒಂದು ಗ್ರಂಥವೇ. ಅದರಲ್ಲಿ ಹೇಳಿದ ಮಾತುಗಳಿಗೆ ಅರ್ಥವಿರುವಂತೆ ಹೇಳದೆ ಬಿಟ್ಟ ಮಾತುಗಳಿಗೂ ಅರ್ಥವುಂಟು. 1955ರ ಹಿಂದೂ ವಿವಾಹ ಕಾಯಿದೆಯ 13-ಬಿ ಕಲಮು ಇಂತಹ ಓದಿಗೆ ಅರ್ಹವಾದುದು. ಗಂಡಹೆಂಡಿರಿಬ್ಬರೂ ಕೂಡಿ, ಒಬ್ಬರ ಮೇಲೊಬ್ಬರು ತಪ್ಪು ಹೊರಿಸದೆ, ಒಂದೇ ಅರ್ಜಿಯ ಮೂಲಕ ವಿವಾಹದಿಂದ ಬಿಡುಗಡೆಯನ್ನು ಕೇಳಬಹುದೆಂದು ಅದು ವಿಧಿಸುತ್ತದೆ. ಎರಡೇ ಉಪಕಲಮುಗಳ ಈ ಪುಟ್ಟ ಪಾಠದಲ್ಲಿ ಭಾರತೀಯ ದಾಂಪತ್ಯವಿಚಾರದ ಒಂದು ದೊಡ್ಡ ತಿರುವು ಅಡಗಿದೆ. ಒಂದು ದೊಡ್ಡ ಕೊರತೆಯೂ ಅಡಗಿದೆ.

ತಿರುವು ಯಾವುದೆಂಬುದನ್ನು ತಿಳಿಯಬೇಕಾದರೆ ಮೂಲ ಕಾಯಿದೆಯ ಸ್ವರೂಪವನ್ನು ನೆನೆಯಬೇಕು. ಮುಂಬಯಿ ಪ್ರಾಂತದಲ್ಲಿ 1947ರಲ್ಲಿಯೂ ಮದರಾಸು ಪ್ರಾಂತದಲ್ಲಿ 1949ರಲ್ಲಿಯೂ ಹಿಂದೂಗಳ ವಿಚ್ಛೇದನಕ್ಕೆ ಅವಕಾಶವೀಯುವ ಕಾಯಿದೆಗಳು ಬಂದವು. 1955ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವಂತೆ ಸಂಸತ್ತು ಮಾಡಿದ ಕಾಯಿದೆಯು ಇವೆರಡನ್ನೂ ರದ್ದುಗೊಳಿಸಿತು. ಆದರೆ ಅವುಗಳ ಮನೋಧರ್ಮವನ್ನು ಉಳಿಸಿಕೊಂಡಿತು. ಆ ಮನೋಧರ್ಮದ ಪ್ರಕಾರ ವಿವಾಹವು ಮುರಿಯಬೇಕಾದರೆ ಇಬ್ಬರಲ್ಲಿ ಒಬ್ಬರು ತಪ್ಪಿತಸ್ಥರಾಗಿರಬೇಕು, ಇಲ್ಲವೆ ಅಸಾಧ್ಯವ್ಯಾಧಿಗೆ ತುತ್ತಾಗಿರಬೇಕು, ಇಲ್ಲವೆ ಸನ್ಯಾಸ ಸ್ವೀಕರಿಸಿರಬೇಕು, ಇಲ್ಲವೆ ಏಳು ವರ್ಷಗಳ ಕಾಲ ಸುಳಿವೇ ಇಲ್ಲದಂತೆ ಮರೆಯಾಗಿರಬೇಕು. ಕ್ರೌರ್ಯ, ಪರಿತ್ಯಾಗ ಇವು ಕೂಡ ಆಗ ನ್ಯಾಯಿಕ ಪ್ರತ್ಯೇಕವಾಸಕ್ಕೆ ಮಾತ್ರ ಕಾರಣಗಳಾಗಿದ್ದವು, ವಿಚ್ಛೇದನಕ್ಕೆ ಅಲ್ಲ.

ಇದೇ ಕಾಯಿದೆಯ 23ನೆಯ ಕಲಮು ಇನ್ನೊಂದು ಷರತ್ತನ್ನು ಮುಂದಿಡುತ್ತದೆ. ಅರ್ಜಿದಾರನು ಎದುರುದಾರಳೊಡನೆ ಶಾಮೀಲಾಗಿ ಅರ್ಜಿ ಸಲ್ಲಿಸಿರಬಾರದು. ಹಾಗೆ ಸಲ್ಲಿಸಿಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಎಂದರೆ, ಗಂಡಹೆಂಡಿರು ಜಗಳವಾಡಿದರೆ ನ್ಯಾಯಾಲಯದ ಬಾಗಿಲು ತೆರೆಯುತ್ತಿತ್ತು. ಬಿಟ್ಟುಹೋಗುವ ವಿಷಯದಲ್ಲಿ ಅವರು ಒಮ್ಮತಕ್ಕೆ ಬಂದರೆ ಅದೇ ಬಾಗಿಲು ಮುಚ್ಚುತ್ತಿತ್ತು. ಬದುಕಿನಲ್ಲಿ ಮರ್ಯಾದೆಯೆನಿಸುವ ನಡತೆ ಕಾಯಿದೆಯ ಕಣ್ಣಿಗೆ ಒಳಒಪ್ಪಂದವಾಗಿ ಕಂಡಿತು. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಇಬ್ಬರಿಗೂ ಬೇಡವಾದ ಸಂಬಂಧವನ್ನು ಕಳಚಿಕೊಳ್ಳಲು ಒಬ್ಬರು ಇನ್ನೊಬ್ಬರ ಶೀಲಕ್ಕೆ ಮಸಿ ಬಳಿಯಬೇಕಾಗಿತ್ತು. ಆ ಮಸಿ ಮಕ್ಕಳ ಕಣ್ಣಿಗೂ ಬೀಳುವ ದಾಖಲೆಯಾಗಿ ಉಳಿಯುತ್ತಿತ್ತು.

ಕಾನೂನು ಆಯೋಗವು 1974ರಲ್ಲಿ ತನ್ನ 59ನೆಯ ವರದಿಯಲ್ಲಿ ಈ ಕಾಯಿದೆಯನ್ನು ಪರಿಶೀಲಿಸಿತು. 1976ರ ತಿದ್ದುಪಡಿಯಿಂದ 13-ಬಿ ಕಲಮು ಬಂದಿತು. ಅದುವರೆಗೆ ಸಂದೇಹಕ್ಕೆ ಗುರಿಯಾಗಿದ್ದ ಒಪ್ಪಂದವು ಅಂದಿನಿಂದ ಬಿಡುಗಡೆಗೆ ಸ್ವತಂತ್ರವಾದ ಕಾರಣವೆನಿಸಿತು. 23ನೆಯ ಕಲಮಿನಲ್ಲಿ ಒಳಒಪ್ಪಂದದ ನಿಷೇಧ ಇಂದಿಗೂ ಇದೆ. ಅದರ ಪಕ್ಕದಲ್ಲಿಯೇ, ಸಮ್ಮತಿಯ ಅರ್ಜಿಯಾಗಿದ್ದಲ್ಲಿ ಆ ಸಮ್ಮತಿಯು ಬಲಾತ್ಕಾರ, ಮೋಸ ಅಥವಾ ಅನುಚಿತ ಪ್ರಭಾವದಿಂದ ಪಡೆದುದಾಗಿರಬಾರದೆಂಬ ಹೊಸ ಷರತ್ತು ಸೇರಿಕೊಂಡಿತು. ಈ ಎರಡು ಷರತ್ತುಗಳನ್ನು ಒಟ್ಟಿಗೆ ಓದಿದರೆ ಶಾಸನಕರ್ತರ ಆಶಯ ಸ್ಪಷ್ಟವಾಗುತ್ತದೆ. ಒಪ್ಪಂದವು ದೋಷವಲ್ಲ, ಮರೆಯಲ್ಲಿದ್ದಾಗ ಮಾತ್ರ ಅದು ದೋಷ. ಬೆಳಕಿಗೆ ಬಂದು ನಿಂತ ಒಪ್ಪಂದವನ್ನು ನ್ಯಾಯಾಲಯವು ಮಾನ್ಯ ಮಾಡಬೇಕು. ಆದರೆ ಅದು ಸ್ವತಂತ್ರವಾದ ಮನಸ್ಸಿನಿಂದ ಬಂದುದೇ ಎಂಬುದನ್ನು ನೋಡಬೇಕು.

ಈ ತತ್ತ್ವವು ಪಶ್ಚಿಮದಿಂದ ಎರವು ತಂದುದೆಂಬ ಆಕ್ಷೇಪಣೆಯೊಂದುಂಟು. ಅದು ಪರಿಶೀಲನೆಗೆ ನಿಲ್ಲತಕ್ಕುದಲ್ಲ. ಮುಸ್ಲಿಂ ಧರ್ಮಶಾಸ್ತ್ರದಲ್ಲಿ ಗಂಡಹೆಂಡಿರು ಪರಸ್ಪರ ಒಪ್ಪಿ ಬೇರೆಯಾಗುವ ಮುಬಾರಾತ್ ಎಂಬ ಕ್ರಮ ಬಹು ಹಿಂದಿನದು. ಮಲಬಾರಿನ ಅಳಿಯಕಟ್ಟಿನ ಕುಟುಂಬಗಳಿಗಾಗಿ 1933ರಲ್ಲಿ ಜಾರಿಗೆ ಬಂದ ಮದರಾಸಿನ ಮರುಮಕ್ಕತ್ತಾಯಂ ಕಾಯಿದೆಯು ಉಭಯತರೂ ಬರೆದುಕೊಟ್ಟು ನೋಂದಾಯಿಸಿದ ಪತ್ರದ ಮೂಲಕವೇ ವಿವಾಹವನ್ನು ಮುಕ್ತಾಯಗೊಳಿಸುವ ಹಾದಿಯನ್ನು ತೆರೆದಿತ್ತು. ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ದೈವದ ಮುಂದೆ, ಪಂಚರ ಸಮಕ್ಷಮದಲ್ಲಿ ಸೋಡಚೀಟಿ ಕೊಟ್ಟು ಬಿಡಿಸಿಕೊಳ್ಳುವ ವಾಡಿಕೆಯೂ ಆಮೇಲೆ ಹೆಣ್ಣಿಗೆ ಉಡಿಕೆಯ ಹಕ್ಕೂ ಇದ್ದವು. ಹೀಗೆ ರೂಢಿಯಿಂದ ಬಂದ ಬಿಡುಗಡೆಯ ಹಕ್ಕನ್ನು 1955ರ ಕಾಯಿದೆಯೇ ತನ್ನ 29ನೆಯ ಕಲಮಿನಲ್ಲಿ ಕಾಪಾಡಿದೆ. 1954ರ ವಿಶೇಷ ವಿವಾಹ ಕಾಯಿದೆಯಲ್ಲಂತೂ ಪರಸ್ಪರ ಸಮ್ಮತಿಯ ವಿಚ್ಛೇದನ ಮೊದಲಿನಿಂದಲೇ ಇದ್ದಿತು.

ಇವೆಲ್ಲಕ್ಕಿಂತಲೂ ಪ್ರಾಚೀನವಾದ ಆಧಾರವೊಂದು ಮೈಸೂರಿನಿಂದಲೇ ಬೆಳಕಿಗೆ ಬಂದಿತು. ಅಲ್ಲಿಯ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಸಂಸ್ಕೃತ ಪಾಠವನ್ನು 1909ರಲ್ಲಿ ಪ್ರಕಟಿಸಿದರು; ಅವರ ಇಂಗ್ಲಿಷ್ ಅನುವಾದ 1915ರಲ್ಲಿ ಹೊರಬಂದಿತು. ಅದರ ಮೂರನೆಯ ಅಧಿಕರಣದಲ್ಲಿ ಕೌಟಿಲ್ಯನ ನಿಲುವು ಹೀಗಿದೆ: ಒಪ್ಪದ ಗಂಡನಿಂದ ದ್ವೇಷಿಸುವ ಹೆಂಡತಿಗೆ ಬಿಡುಗಡೆಯಿಲ್ಲ, ಒಪ್ಪದ ಹೆಂಡತಿಯಿಂದ ಗಂಡನಿಗೂ ಇಲ್ಲ, ದ್ವೇಷವು ಪರಸ್ಪರವಾಗಿದ್ದರೆ ಮಾತ್ರ ಬಿಡುಗಡೆ ಉಂಟು. ಧರ್ಮ್ಯವೆನಿಸಿದ ನಾಲ್ಕು ಬಗೆಯ ವಿವಾಹಗಳಿಗೆ ಈ ಅವಕಾಶವಿಲ್ಲವೆಂಬ ಮಿತಿಯನ್ನೂ ಅವನು ಹಾಕಿದ್ದಾನೆ. ಆದುದರಿಂದ 13-ಬಿ ಕಲಮು ಕೌಟಿಲ್ಯನ ಪುನರುಕ್ತಿಯೆಂದು ಹೆಮ್ಮೆಪಡುವುದು ಸಲ್ಲದು. ಆದರೂ ಇಬ್ಬರ ಮನಸ್ಸೂ ಒಂದೇ ದಿಕ್ಕಿಗೆ ತಿರುಗಿದಾಗ ತಪ್ಪಿನ ವಿಚಾರಣೆ ಅನಾವಶ್ಯಕವೆಂಬ ತಿಳಿವು ಈ ನೆಲದಲ್ಲಿ ಅಪರಿಚಿತವಾಗಿರಲಿಲ್ಲವೆಂಬಷ್ಟನ್ನು ನಿಸ್ಸಂದೇಹವಾಗಿ ಹೇಳಬಹುದು.

ಇಲ್ಲಿ ಶಬ್ದದ ವಿಚಾರವನ್ನೂ ಗಮನಿಸತಕ್ಕುದು. ಕೌಟಿಲ್ಯನು ಬಳಸಿದ ಶಬ್ದ ಮೋಕ್ಷ. ಕಟ್ಟಿನಿಂದ ಬಿಡಿಸಿಕೊಳ್ಳುವುದೆಂದು ಅದರ ಅರ್ಥ. ಇಂದಿನ ಕನ್ನಡದಲ್ಲಿ ನೆಲೆನಿಂತ ಶಬ್ದ ವಿಚ್ಛೇದನ. ಕತ್ತರಿಸುವುದೆಂದು ಅದರ ಅರ್ಥ. ತಪ್ಪು ಹೊರಿಸಿ, ವಾದಿಸಿ, ಸಾಕ್ಷಿ ನುಡಿಸಿ ಪಡೆಯುವ ಡಿಕ್ರಿಗೆ ಕತ್ತರಿಯ ಶಬ್ದ ಒಪ್ಪುತ್ತದೆ. ಇಬ್ಬರೂ ಕೂಡಿ ಗಂಟನ್ನು ಬಿಚ್ಚುವ ಕ್ರಿಯೆಗೆ ಬಿಡುಗಡೆ ಎಂಬ ಅಚ್ಚಗನ್ನಡ ಶಬ್ದವೇ ಹೆಚ್ಚು ಸಮಂಜಸ. ಜಂಟಿ ಅರ್ಜಿಯ ಒಕ್ಕಣೆಯೂ ಇದನ್ನೇ ಸಾರುತ್ತದೆ. ಅದರಲ್ಲಿ ಎದುರುದಾರನೆಂಬವನೇ ಇಲ್ಲ. ಇರುವವರು ಒಂದನೆಯ ಅರ್ಜಿದಾರರು, ಎರಡನೆಯ ಅರ್ಜಿದಾರರು. ಬಹುಶಃ ಆ ದಂಪತಿಗಳು ಕೊನೆಯ ಬಾರಿ ಒಂದೇ ಕಡೆ ನಿಲ್ಲುವುದು ಆ ಕಾಗದದ ಮೇಲೆಯೇ.

ಇನ್ನು ಕಲಮಿನ ಅಂಗರಚನೆ. ಮೊದಲನೆಯ ಉಪಕಲಮು ಮೂರು ಸಂಗತಿಗಳನ್ನು ಕೇಳುತ್ತದೆ: ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬೇರೆಯಾಗಿ ಇದ್ದಿರಬೇಕು, ಕೂಡಿ ಬಾಳಲು ಅಸಮರ್ಥರಾಗಿರಬೇಕು, ವಿವಾಹವನ್ನು ಮುಗಿಸಲು ಪರಸ್ಪರ ಒಪ್ಪಿರಬೇಕು. ಎರಡನೆಯ ಉಪಕಲಮಿನಂತೆ, ಅರ್ಜಿ ಸಲ್ಲಿಸಿ ಆರು ತಿಂಗಳು ಕಳೆದ ಬಳಿಕ, ಹದಿನೆಂಟು ತಿಂಗಳು ಮೀರುವ ಮೊದಲು, ಇಬ್ಬರೂ ಮತ್ತೊಮ್ಮೆ ಕೂಡಿ ಕೋರಿಕೆ ಸಲ್ಲಿಸಬೇಕು. ಆಗ ನ್ಯಾಯಾಲಯವು ಉಭಯತರನ್ನು ಕೇಳಿ, ತಕ್ಕ ವಿಚಾರಣೆ ನಡೆಸಿ, ಡಿಕ್ರಿ ಕೊಡುತ್ತದೆ. ಎರಡು ಬಾರಿ ಕೇಳುವ ಈ ಏರ್ಪಾಡಿನ ಮರ್ಮವನ್ನು 1991ರ ತೀರ್ಪೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಿಡಿಸಿಟ್ಟಿದೆ. ಸಮ್ಮತಿಯು ಅರ್ಜಿಯ ದಿನದಂದು ಇದ್ದರೆ ಸಾಲದು, ಡಿಕ್ರಿಯ ದಿನದವರೆಗೂ ಜೀವಂತವಾಗಿರಬೇಕು; ನಡುವೆ ಯಾರೊಬ್ಬರಾದರೂ ಅದನ್ನು ಹಿಂತೆಗೆದುಕೊಳ್ಳಬಹುದು. ಬೇರೆ ಇರುವುದೆಂದರೆ ಬೇರೆ ಮನೆಯೇ ಆಗಬೇಕಿಲ್ಲ, ಒಂದೇ ಸೂರಿನಡಿಯಿದ್ದರೂ ಗಂಡಹೆಂಡಿರಾಗಿ ಬಾಳದಿರುವುದೇ ಅದರ ಅರ್ಥವೆಂಬುದನ್ನೂ ಆ ತೀರ್ಪು ಸ್ಪಷ್ಟಪಡಿಸಿತು. ಬೇರೆ ಬಾಡಿಗೆ ಕೋಣೆ ಹಿಡಿಯುವ ಶಕ್ತಿಯಿಲ್ಲದ ಮಹಾನಗರದ ಮಧ್ಯಮವರ್ಗಕ್ಕೆ ಈ ವ್ಯಾಖ್ಯಾನ ಎಷ್ಟು ಉಪಕಾರಿಯೆಂಬುದನ್ನು ವಿವರಿಸಬೇಕಾಗಿಲ್ಲ.

ಆರು ತಿಂಗಳ ಕಾಯುವಿಕೆಯ ವಿಷಯದಲ್ಲಿ 2017ರ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಈ ಅವಧಿಯು ಮೀರಲಾಗದ ಕಟ್ಟಳೆಯಲ್ಲ. ಅರ್ಜಿಗೆ ಮೊದಲೇ ಒಂದೂವರೆ ವರ್ಷದ ಪ್ರತ್ಯೇಕವಾಸ ಸಂದಿದ್ದು, ರಾಜಿಯ ಪ್ರಯತ್ನಗಳು ವಿಫಲವಾಗಿ, ಜೀವನಾಂಶ, ಮಕ್ಕಳ ಪಾಲನೆ ಮೊದಲಾದ ವಿಷಯಗಳು ನಿಜವಾಗಿ ಇತ್ಯರ್ಥವಾಗಿದ್ದು, ಕಾಯುವಿಕೆಯಿಂದ ಸಂಕಟವಷ್ಟೇ ಬೆಳೆಯುವುದಾದರೆ ನ್ಯಾಯಾಲಯವು ಅದನ್ನು ಕೈಬಿಡಬಹುದು. 2023ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಸಂವಿಧಾನದ 142ನೆಯ ವಿಧಿಯ ಬಲದಿಂದ ಸರ್ವೋಚ್ಚ ನ್ಯಾಯಾಲಯವು ತಾನೇ ಈ ಅವಧಿಯನ್ನು ಬಿಟ್ಟು ಡಿಕ್ರಿ ಕೊಡಬಲ್ಲುದೆಂದು ಹೇಳಿತು. ಸಾಮಾನ್ಯರ ಚರ್ಚೆಯೆಲ್ಲ ಹೀಗೆ ಕಾಲಾವಧಿಯ ಸುತ್ತಲೇ ತಿರುಗುತ್ತಿದೆ: ಎಷ್ಟು ಬೇಗ, ಎಷ್ಟು ತಿಂಗಳು, ಎಷ್ಟು ಓಡಾಟ. ಆದರೆ 2017ರ ತೀರ್ಪಿನ ನಿಜವಾದ ಬೆಲೆ ತಿಂಗಳುಗಳ ಲೆಕ್ಕದಲ್ಲಿಲ್ಲ. ಜೀವನಾಂಶ ಮತ್ತು ಮಕ್ಕಳ ವಿಷಯಗಳು ನಿಜವಾಗಿ ಇತ್ಯರ್ಥವಾಗಿವೆಯೇ ಎಂದು ಅದು ಕೇಳಿದ ಪ್ರಶ್ನೆಯಲ್ಲಿದೆ.

ಏಕೆಂದರೆ 13-ಬಿ ಕಲಮು ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಜೀವನಾಂಶವೆಂಬ ಮಾತು ಅದರಲ್ಲಿಲ್ಲ, ಮಕ್ಕಳೆಂಬ ಮಾತಿಲ್ಲ, ಮನೆ, ಒಡವೆ, ಸಾಲ ಇವುಗಳ ಸೊಲ್ಲಿಲ್ಲ. ಜೀವನಾಂಶ, ಮಕ್ಕಳು, ಮದುವೆಯ ಸಂದರ್ಭದ ಉಡುಗೊರೆ ಇವು 25, 26, 27ನೆಯ ಕಲಮುಗಳಿಗೆ ಸೇರಿದುವು. ಜಂಟಿ ಅರ್ಜಿಯಲ್ಲಿಯೋ ಅದರ ಬೆನ್ನಿಗಿರುವ ಕರಾರುಪತ್ರದಲ್ಲಿಯೋ ಉಭಯತರು ಬರೆದುಕೊಂಡುದೇ ಬಹುಮಟ್ಟಿಗೆ ಅಂತಿಮವಾಗುತ್ತದೆ. ಈ ಒಂದು ಅಂಶದಲ್ಲಿ ಕೌಟಿಲ್ಯನ ಪ್ರಕರಣ ಹೆಚ್ಚು ಲೌಕಿಕವಾಗಿದೆ. ಬಿಡುಗಡೆಯ ಮಾತಿನ ಬೆನ್ನಿಗೇ, ಯಾರ ತಪ್ಪಿನಿಂದ ಯಾರು ಬಿಡುಗಡೆ ಬಯಸಿದರೆ ಪಡೆದ ಸೊತ್ತನ್ನು ಹಿಂದಿರುಗಿಸಬೇಕು, ಯಾವಾಗ ಬೇಕಿಲ್ಲ ಎಂಬುದನ್ನು ಅವನು ಚರ್ಚಿಸುತ್ತಾನೆ. ಅವನ ತೀರ್ಮಾನ ಗಂಡನ ಕಡೆಗೆ ವಾಲಿರುವುದು ನಿಜ. ಆದರೆ ಬಿಡುಗಡೆಗೂ ಹಣಕ್ಕೂ ನಂಟುಂಟೆಂಬುದನ್ನು ಅವನು ಮರೆಮಾಚಲಿಲ್ಲ.

ಇಂದು ಒಳಒಪ್ಪಂದವು ನೆಲೆಸಿರುವುದು ಈ ಕರಾರಿನ ಪುಟಗಳಲ್ಲಿ. ಅರ್ಜಿಯಲ್ಲಿ ಇಬ್ಬರ ಸಮ್ಮತಿ ಸಮವಾಗಿ ಕಾಣುತ್ತದೆ. ಕರಾರಿನಲ್ಲಿ ಆ ಸಮತೆ ಅನೇಕ ವೇಳೆ ಉಳಿಯುವುದಿಲ್ಲ. ದೂರನ್ನು ಹಿಂತೆಗೆದುಕೊಂಡರೆ ಒಡವೆ ವಾಪಸು, ಜೀವನಾಂಶ ಬಿಟ್ಟರೆ ಮಗು ನಿನ್ನ ಬಳಿ ಎಂಬಂತಹ ಚೌಕಾಶಿಗಳು ಪರಸ್ಪರ ಸಮ್ಮತಿಯೆಂಬ ಗಂಭೀರವಾದ ಹೆಸರಿನಡಿ ನುಸುಳಬಹುದು. ತವರಿನ ಆಸರೆಯಿಲ್ಲದ, ಸ್ವಂತ ಸಂಪಾದನೆಯಿಲ್ಲದ ಹೆಣ್ಣು ಹೌದೆಂದರೆ ಅದು ಬಲಾತ್ಕಾರವಲ್ಲ, ಮೋಸವೂ ಅಲ್ಲ. ಹಾಗೆಂದು ಸ್ವಾತಂತ್ರ್ಯವೂ ಅಲ್ಲ.

ಸಾಲದ ಉದಾಹರಣೆಯೊಂದರಿಂದ ಇದು ವಿಶದವಾಗುತ್ತದೆ. ದಂಪತಿಗಳಿಬ್ಬರೂ ಸಹಿಮಾಡಿ ಮನೆಗಾಗಿ ಬ್ಯಾಂಕಿನ ಸಾಲ ಪಡೆದಿರುತ್ತಾರೆ. ಮನೆಯನ್ನೂ ಉಳಿದ ಕಂತುಗಳನ್ನೂ ಗಂಡನೇ ವಹಿಸಿಕೊಳ್ಳತಕ್ಕುದೆಂದು ಕರಾರಿನಲ್ಲಿ ಬರೆಯುತ್ತಾರೆ. ಹೆಂಡತಿ ನಿಶ್ಚಿಂತಳಾಗಿ ಸಹಿ ಹಾಕುತ್ತಾಳೆ. ಆದರೆ ಬ್ಯಾಂಕು ಆ ಕರಾರಿನಲ್ಲಿ ಪಕ್ಷಗಾರನಲ್ಲ. ಅದು ಒಪ್ಪಿ ಬಿಡುಗಡೆ ಮಾಡದ ಹೊರತು ಅವಳು ಸಹಸಾಲಗಾರಳಾಗಿಯೇ ಉಳಿಯುತ್ತಾಳೆ. ಮುಂದೆಂದೋ ಕಂತು ತಪ್ಪಿದರೆ ನೋಟೀಸು ಅವಳ ಹೆಸರಿಗೂ ಬರುತ್ತದೆ. ಠೇವಣಿಗಳ ನಾಮಿನಿಯ ಹೆಸರೂ ಹೀಗೆಯೇ. ಬದಲಾಯಿಸುವ ತನಕ ಹಳೆಯ ಹೆಸರೇ ಪುಸ್ತಕದಲ್ಲಿ ನಿಂತಿರುತ್ತದೆ. ದಾಂಪತ್ಯದ ಗಂಟು ಬಿಚ್ಚಿತು, ಸಾಲದ ಗಂಟು ಬಿಚ್ಚಲಿಲ್ಲ.

ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಮುಂಬಯಿ, ಪುಣೆಗಳ ನ್ಯಾಯಾಲಯಗಳಲ್ಲಿ ಅರ್ಜಿ, ಕರಾರು, ಅಫಿಡವಿಟ್ಟುಗಳು ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ಧಾರವಾಡದ ಕಡೆಯಿಂದಲೋ ಉಡುಪಿಯ ಕಡೆಯಿಂದಲೋ ಮದುವೆಯಾಗಿ ಬಂದ ಹೆಣ್ಣು ಈ ಎರಡು ಭಾಷೆಗಳಲ್ಲಿ ವ್ಯವಹರಿಸುವಷ್ಟು ಬಲ್ಲವಳಾದರೂ ಕರಾರಿನ ಸೂಕ್ಷ್ಮವನ್ನು ತಿಳಿಯುವಷ್ಟು ಬಲ್ಲವಳೆಂದು ಹೇಳಲಾಗದು. ತಿಳಿಯದ ಭಾಷೆಯ ಪುಟಕ್ಕೆ ಹಾಕಿದ ಸಹಿಯಲ್ಲಿ ಸಮ್ಮತಿಯ ಆಕಾರವಿರುತ್ತದೆ, ಪ್ರಾಣವಿರುವುದಿಲ್ಲ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ ಮೇರೆಗೆ ಅಲ್ಲಿ ವಕೀಲರ ಮೂಲಕ ವಾದಿಸುವುದು ಪಕ್ಷಗಾರರ ಹಕ್ಕಲ್ಲ; ನ್ಯಾಯಾಲಯವು ತಾನೇ ಉಭಯತರೊಡನೆ ಮಾತನಾಡಬೇಕೆಂಬುದು ಆ ಏರ್ಪಾಡಿನ ಆಶಯ. ಹಾಗಿರುವಾಗ ಕರಾರಿನ ಪ್ರತಿಯೊಂದು ಅಂಶವನ್ನೂ ಅವಳ ನುಡಿಯಲ್ಲಿ ಓದಿ ಹೇಳಿಸಿ, ಆಮೇಲೆ ಒಪ್ಪಿಗೆಯನ್ನು ಕೇಳುವುದು ವಿಚಾರಣೆಯ ಅಲಂಕಾರವಲ್ಲ, ಅದರ ತಿರುಳು.

ಜಂಟಿ ಅರ್ಜಿ ಸುಲಭವಾದಷ್ಟೂ ಸಂಸಾರಗಳು ಸಡಿಲವಾಗುವುವೆಂದು ಅಂಜುವವರಿದ್ದಾರೆ. ಬಾಗಿಲಿಗೆ ಬೀಗ ಹಾಕಿದ ಮಾತ್ರಕ್ಕೆ ಮನೆಯೊಳಗೆ ಸಾಮರಸ್ಯ ಹುಟ್ಟದೆಂಬುದನ್ನು 1976ಕ್ಕೆ ಹಿಂದಿನ ಅನುಭವ ತೋರಿಸಿಕೊಟ್ಟಿದೆ. ಇನ್ನೊಂದು ಕಡೆಯವರು ನ್ಯಾಯಾಲಯವೇ ಬೇಡ, ನೋಂದಣಿ ಕಚೇರಿಯಲ್ಲಿ ಎರಡು ಸಹಿಗಳಾದರೆ ಸಾಕೆನ್ನುತ್ತಾರೆ. ಸಮಬಲರಾದ ಇಬ್ಬರಿಗೆ ಅದು ಸಾಕಾದೀತು. ಬಲದಲ್ಲಿ ಅಂತರವಿರುವೆಡೆ ನಡುವೆ ನಿಂತು ಕೇಳುವ ಮೂರನೆಯವನೊಬ್ಬನು ಬೇಕು. ಹಳೆಯ ಪಂಚರು ಸೋಡಚೀಟಿಗೆ ಮೊದಲು ಕೊಟ್ಟುದೆಷ್ಟು, ಕೊಡಬೇಕಾದುದೆಷ್ಟು ಎಂದು ಕೇಳುತ್ತಿದ್ದುದರಲ್ಲಿ ಈ ವಿವೇಕವಿದ್ದಿತು. ಹೆಣ್ಣಿನ ಮಾತಿಗೆ ಅಲ್ಲಿ ಸಿಗಬೇಕಾದ ಸ್ಥಾನ ಸಿಗುತ್ತಿರಲಿಲ್ಲವೆಂಬುದು ಅದರ ದೋಷ.

13-ಬಿ ಕಲಮಿನ ಹಿರಿಮೆಯು ಅದು ಒಪ್ಪಂದವನ್ನು ಕತ್ತಲಿನಿಂದ ಬೆಳಕಿಗೆ ತಂದುದರಲ್ಲಿದೆ. ಅರ್ಧ ಮಾತ್ರ ತಂದುದು ಅದರ ಕೊರತೆ. ಬೇರೆಯಾಗಲು ಒಪ್ಪಿದಿರಾ ಎಂದು ಅದು ಎರಡು ಬಾರಿ ಕೇಳುತ್ತದೆ. ಯಾವ ಬೆಲೆಗೆ ಒಪ್ಪಿದಿರಿ ಎಂದು ಒಂದು ಬಾರಿಯೂ ಕೇಳುವುದಿಲ್ಲ. ಆ ಎರಡನೆಯ ಪ್ರಶ್ನೆಯನ್ನು ಕಾಯಿದೆ ಕೇಳುವವರೆಗೆ ನ್ಯಾಯಾಧೀಶರು ಕೇಳಬೇಕು. ಅವರಿಗಿಂತ ಮೊದಲು, ಸಹಿಗೆ ಕಾಗದ ಮುಂದೊಡ್ಡಿದ ದಿನವೇ, ಮನೆಯ ಹಿರಿಯರೂ ನೆರೆಯ ಬಲ್ಲವರೂ ಕೇಳಬೇಕು.