ನವನಗರದ ಹಳೇ 800

ಆಲಮಟ್ಟಿ ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳಿಗೆ ಬಂದಾಗ ನವನಗರಕ್ಕೆ ಎದ್ದು ಬಂದವರಿಗೆ ಅಗಲ ರಸ್ತೆಯಂತೂ ಸಿಕ್ಕಿತು. ಅಲ್ಲಿ ಈಗಲೂ ಕೆಲವು ಮನೆಗಳ ಮುಂದೆ ಬಿಸಿಲಿಗೆ ಬಣ್ಣ ಮಾಸಿದ ಮಾರುತಿ 800 ನಿಂತಿರುತ್ತದೆ. 1983ರ ಡಿಸೆಂಬರ್‌ನಲ್ಲಿ ಬಂದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲೇ ನಿಂತಿತು, ಓಡಾಟ ನಿಂತಿಲ್ಲ.

ಬಾನೆಟ್ ಎತ್ತಿದರೆ ಕಾರಣ ಕಾಣುತ್ತದೆ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಸುತ್ತ ಕೈಯಾಡಿಸಲು ಜಾಗ. ಕಾರ್ಬ್ಯುರೇಟರ್ ಮಾದರಿಯಾದರೆ ಚಳಿಗಾಲದ ಬೆಳಗ್ಗೆ ಚೋಕ್ ಎಳೆದು ಚಾಲೂ ಮಾಡಿ, ಎಂಜಿನ್ ಬಿಸಿಯಾದಂತೆ ನಿಧಾನ ಒಳಗೆ ತಳ್ಳಬೇಕು. ಜೆಟ್‌ನಲ್ಲಿ ಕಸ ಕೂತರೆ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಊದಿ ಮತ್ತೆ ಕೂಡಿಸಿದರೆ ಮುಗಿಯಿತು. ಲ್ಯಾಪ್‌ಟಾಪ್ ಹಚ್ಚಿ ನೋಡುವ ಕೆಲಸವಿಲ್ಲ. ಏಪ್ರಿಲ್‌ನಲ್ಲಿ ಮಾತ್ರ ರೇಡಿಯೇಟರ್ ನೀರು ನೋಡದೆ ಇಳಕಲ್ಲಿಗೆ ಹೊರಡಬಾರದು. ದಾರಿಯಲ್ಲಿ ಗ್ರಾನೈಟ್ ಲಾರಿ ಹಿಂದಿಕ್ಕುವ ಆಸೆಯೂ ಬೇಡ!

15 ವರ್ಷ ದಾಟಿದ ಮೇಲೆ ಆರ್‌ಟಿಒದಲ್ಲಿ ನೋಂದಣಿ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. ಏರ್‌ಬ್ಯಾಗ್ ಇಲ್ಲ, ತಗಡು ತೆಳು. ಹೈವೇಗೆ ಇದು ತಕ್ಕ ಗಾಡಿಯಲ್ಲ. ಸಂತೆಗೆ, ಆಸ್ಪತ್ರೆಗೆ, ಬನಶಂಕರಿ ಜಾತ್ರೆಗೆ ನಾಲ್ವರನ್ನು ಒಯ್ಯಲು ಸಾಕು. ಎಂಜಿನ್ ಹೊಗೆ ಕಾರದಿದ್ದರೆ, ತಳ ತುಕ್ಕು ಹಿಡಿಯದಿದ್ದರೆ ಗುಜರಿಗೆ ಹಾಕಲು ಅವಸರ ಮಾಡಬೇಡಿ.