ಆಷಾಢದ ಬಿಸಿಲಿಗೆ ತಕ್ಕ ಬ್ಯಾಟರಿ

ಮಲೆನಾಡಿನ ಒಂಟಿ ಮನೆಗಳಲ್ಲಿ ಸೋಲಾರ್ ಬ್ಯಾಟರಿ ಮೂರನೇ ಮಳೆಗಾಲಕ್ಕೇ ಕೈಕೊಟ್ಟರೆ ಎಲ್ಲರೂ ಬೈಯುವುದು ಬ್ಯಾಟರಿಯನ್ನು. ಅದನ್ನು ತುಂಬಿಸುವಷ್ಟು ಪ್ಯಾನೆಲ್ ಮೇಲಿತ್ತೇ, ಪ್ಯಾನೆಲ್ ಕೊಟ್ಟದ್ದನ್ನು ಕಂಟ್ರೋಲರ್ ಪೂರ್ತಿ ಕೆಳಗಿಳಿಸಿತೇ ಎಂದು ನೋಡುವವರು ಕಡಿಮೆ. ಪ್ಯಾನೆಲ್, ಕಂಟ್ರೋಲರ್, ಬ್ಯಾಟರಿ, ಇನ್ವರ್ಟರ್ ನಾಲ್ಕೂ ಒಳ್ಳೆಯ ಕಂಪನಿಯದ್ದೇ ಆಗಿದ್ದು, ಒಂದಕ್ಕೊಂದು ಕೂಡಿ ಬರದೆ ಸೊರಗಿದ ಮನೆಗಳು ಎಷ್ಟೋ ಇವೆ. ಶೃಂಗೇರಿ, ಕೊಪ್ಪ, ಹೊಸನಗರದ ಕಡೆ ಲೈನಿನ ಮೇಲೆ ಮರ ಬಿದ್ದರೆ ನಾಲ್ಕಾರು ದಿನ ಕರೆಂಟಿನ ಆಸೆ ಬಿಡಬೇಕು. ಈ ವಾರದ ಲೆಕ್ಕ ಅಂಥ ಮನೆಗೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಗ್ರಿಡ್ ಜೋಡಣೆಯ ಮಾತು ಬೇರೆ. ಬ್ಯಾಟರಿ ಇಲ್ಲದ ಆ ವ್ಯವಸ್ಥೆ ಲೈನ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೆ ಅಪಾಯ ಆಗಬಾರದೆಂದೇ ಅದನ್ನು ಹಾಗೆ ಮಾಡಿದ್ದಾರೆ.

ಲೆಕ್ಕ ಹಿಡಿಯಬೇಕಾದ್ದು ಮಾರ್ಚಿನ ಬಿಸಿಲಿನಲ್ಲಿ ಅಲ್ಲ, ಆಷಾಢದಲ್ಲಿ. ಬೇಸಿಗೆಯಲ್ಲಿ ದಿನಕ್ಕೆ ಆರು ತಾಸಿನ ಪೂರ್ಣ ಬಿಸಿಲಿನಷ್ಟು ಸಿಗುವ ಕಡೆ ಜುಲೈಯಲ್ಲಿ ಮೂರು ತಾಸಿನಷ್ಟು ಸಿಕ್ಕರೆ ಪುಣ್ಯ. ಸಮಾಧಾನದ ಸಂಗತಿಯೆಂದರೆ ಆ ದಿನಗಳಲ್ಲಿ ಯಾರೂ ಫ್ಯಾನ್ ಹಾಕುವುದಿಲ್ಲ. 9 ವ್ಯಾಟಿನ ಐದು ಬಲ್ಬು ಐದು ತಾಸು, ಟಿವಿ ಮೂರು ತಾಸು, ಇಂಟರ್ನೆಟ್ ಪೆಟ್ಟಿಗೆ ಹಗಲೂ ರಾತ್ರಿ, ದೋಸೆಹಿಟ್ಟಿಗೋ ಚಟ್ನಿಗೋ ಕಾಲು ತಾಸು ಮಿಕ್ಸಿ: ಎಲ್ಲ ಸೇರಿ ಮುಕ್ಕಾಲು ಯೂನಿಟ್ ಆಯಿತು. ಇದಕ್ಕೆ ಇನ್ವರ್ಟರಿನ ಸ್ವಂತ ಖರ್ಚನ್ನು ಕೂಡಿಸಲು ಹೆಚ್ಚಿನವರು ಮರೆಯುತ್ತಾರೆ. ಯಾವ ಲೋಡೂ ಇಲ್ಲದೆ ಸುಮ್ಮನೆ ಆನ್ ಆಗಿರಲು 15 ವ್ಯಾಟ್ ಬೇಡುವ ಇನ್ವರ್ಟರ್ ದಿನಕ್ಕೆ 360 ವ್ಯಾಟ್-ಅವರ್ ನುಂಗುತ್ತದೆ, ಅಂದರೆ ಮನೆಯ ಬಲ್ಬುಗಳೆಲ್ಲ ಸೇರಿ ತಿನ್ನುವುದಕ್ಕಿಂತ ಹೆಚ್ಚು. ಮುಂದೆ ಬೇಕಾದೀತೆಂದು ದೊಡ್ಡ ಇನ್ವರ್ಟರ್ ತರುವುದು ಇದಕ್ಕೇ ನನಗೆ ಒಪ್ಪುವುದಿಲ್ಲ. ಸಾಮಾನ್ಯವಾಗಿ ಅದು ದೊಡ್ಡದಾದಷ್ಟೂ ಈ ಖರ್ಚೂ ಹೆಚ್ಚು. ಇನ್ವರ್ಟರ್ ಮಿಕ್ಸಿ ಶುರುವಾಗುವಾಗಿನ ಎಳೆತವನ್ನು ತಾಳಿಕೊಂಡರೆ ಸಾಕು. ಪಂಪ್‌ಸೆಟ್ಟನ್ನು ಇದಕ್ಕೆ ಕಟ್ಟುವ ಆಲೋಚನೆಯೇ ಬೇಡ.

ಹೀಗೆ ದಿನಕ್ಕೆ ಸುಮಾರು 1.1 ಯೂನಿಟ್ ಬೇಕು. ಕಂಟ್ರೋಲರ್, ಬ್ಯಾಟರಿ, ಇನ್ವರ್ಟರಿನ ಸೋರಿಕೆಯೆಲ್ಲ ಕಳೆದು ಪ್ಯಾನೆಲಿನ ಮೂರರಲ್ಲಿ ಎರಡು ಪಾಲು ಕೈಗೆ ಸಿಗುತ್ತದೆಂದು ಹಿಡಿದರೆ, ಈಗ ಎಲ್ಲೆಡೆ ಸಿಗುವ 540 ವ್ಯಾಟಿನ ಒಂದು ಪ್ಯಾನೆಲ್ ಮಳೆಗಾಲವನ್ನೂ ಹೇಗೋ ದಾಟಿಸುತ್ತದೆ. ಇನ್ನು ಅದಕ್ಕೆ ಜೊತೆ ಹುಡುಕಬೇಕು, ಮತ್ತು ಜೊತೆ ಹುಡುಕುವುದು ಬ್ಯಾಟರಿಯ ಕಡೆಯಿಂದ. 150 ಎಎಚ್‌ನ ಟ್ಯೂಬ್ಯುಲರ್ ಬ್ಯಾಟರಿಗೆ ಹಿತವಾದ ಚಾರ್ಜಿಂಗ್ ಕರೆಂಟು 15ರಿಂದ 20 ಆಂಪಿಯರ್. 540 ವ್ಯಾಟನ್ನು 12 ವೋಲ್ಟಿನ ಒಂದೇ ಬ್ಯಾಟರಿಗೆ ಬಿಟ್ಟರೆ ಬೇಸಿಗೆಯ ಮಧ್ಯಾಹ್ನ ಅದಕ್ಕೆ 40 ಆಂಪಿಯರ್ ನುಗ್ಗುತ್ತದೆ, ನೀರು ಕುದಿದಂತೆ ಆರುತ್ತದೆ. ಎರಡು ಬ್ಯಾಟರಿಯನ್ನು ಸೀರೀಸಿನಲ್ಲಿ ಜೋಡಿಸಿ 24 ವೋಲ್ಟ್ ಮಾಡಿದರೆ ಅದೇ ಪ್ಯಾನೆಲ್ ಕೊಡುವುದು 20 ಆಂಪಿಯರಿನಷ್ಟು. ಅರ್ಧಕ್ಕಿಂತ ಕೆಳಗೆ ಇಳಿಸದೆ ಒಂದೂವರೆ ದಿನ ಮೋಡವನ್ನೂ ತಾಳಿಕೊಳ್ಳಬಹುದು. ಕೊಳ್ಳುವಾಗ ಮೈಮೇಲೆ ಸಿ-10 ಎಂದು ಬರೆದದ್ದನ್ನೇ ಕೇಳಿ. ಸಿ-20 ಎಂದಿದ್ದರೆ ಆ 150 ಎಎಚ್ ಅನ್ನು ಇಪ್ಪತ್ತು ತಾಸು ನಿಧಾನವಾಗಿ ಖಾಲಿಮಾಡಿ ಅಳೆದಿರುತ್ತಾರೆ. ಸಿ-10 ಅಳತೆಗೆ ಹಾಕಿದರೆ ಅದು ಅಷ್ಟು ತೂಗುವುದಿಲ್ಲ.

ಪ್ಯಾನೆಲನ್ನು ಮಗುಚಿ ಬೆನ್ನ ಮೇಲಿನ ಚೀಟಿ ಓದುವ ಅಭ್ಯಾಸವನ್ನು ಪ್ರತಿಯೊಬ್ಬರೂ ಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಕೂಗುವ ವ್ಯಾಟಿನ ಸಂಖ್ಯೆಗಿಂತ ಅಲ್ಲಿರುವ ವಿಎಂಪಿ, ಐಎಂಪಿ (ಪೂರ್ಣ ಕೆಲಸ ಮಾಡುವಾಗಿನ ವೋಲ್ಟ್, ಆಂಪಿಯರ್), ವಿಒಸಿ (ಕರೆಂಟು ಎಳೆಯದಿರುವಾಗಿನ ವೋಲ್ಟ್) ಎಂಬ ಮೂರು ಸಾಲು ಹೆಚ್ಚು ಹೇಳುತ್ತವೆ. 540 ವ್ಯಾಟಿನದ್ದು ಸುಮಾರು 41 ವೋಲ್ಟಿನಲ್ಲಿ 13 ಆಂಪಿಯರ್ ಕೊಡುತ್ತದೆ. ಇದಕ್ಕೆ ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಹಾಕಿದಿರೋ, ಅದು ಪ್ಯಾನೆಲನ್ನು ಬ್ಯಾಟರಿಯ ವೋಲ್ಟಿಗೇ ಎಳೆದು ಕೂರಿಸುತ್ತದೆ: 26 ವೋಲ್ಟ್, 13 ಆಂಪಿಯರ್, 338 ವ್ಯಾಟ್. 12 ವೋಲ್ಟಿನ ಬ್ಯಾಟರಿಯಾದರೆ 169 ವ್ಯಾಟ್. ದುಡ್ಡು ಕೊಟ್ಟು ತಂದ ಪ್ಯಾನೆಲಿನ ಮೂರರಲ್ಲೆರಡು ಪಾಲು ಹೆಂಚಿನ ಮೇಲೇ ಉಳಿಯಿತು. ಎಂಪಿಪಿಟಿ ಕಂಟ್ರೋಲರ್ ಹೆಚ್ಚಿನ ವೋಲ್ಟನ್ನು ಆಂಪಿಯರಾಗಿ ಬದಲಿಸಿ ಕೊಡುತ್ತದೆ, ಇಲ್ಲಿ ಅದಿಲ್ಲದೆ ಆಗದು. ಹಾಗೆಂದು ಪಿಡಬ್ಲ್ಯುಎಂ ಕೆಟ್ಟದ್ದಲ್ಲ. 36 ಸೆಲ್ಲಿನ, 18 ವೋಲ್ಟಿನ ಸಣ್ಣ ಪ್ಯಾನೆಲ್, 12 ವೋಲ್ಟಿನ ಬ್ಯಾಟರಿ, ಕೊಟ್ಟಿಗೆಯ ಎರಡು ದೀಪ ಇಷ್ಟಕ್ಕೆ ಅದೇ ಸರಿ.

ಎಂಪಿಪಿಟಿ ಇದ್ದೂ ಮೋಸಹೋಗುವ ಜೋಡಿ ಒಂದಿದೆ. 60 ಸೆಲ್ಲಿನ ಪ್ಯಾನೆಲ್ ಒಂದನ್ನೇ 24 ವೋಲ್ಟಿನ ಬ್ಯಾಟರಿಗೆ ಕಟ್ಟುವುದು. ಚೀಟಿಯಲ್ಲಿ 31 ವೋಲ್ಟ್ ಎಂದಿರುತ್ತದೆ, ಸಾಕಲ್ಲವೇ ಅನ್ನಿಸುತ್ತದೆ. ಆ 31 ಬರುವುದು ಸೆಲ್ಲಿನ ಬಿಸಿ 25 ಡಿಗ್ರಿ ಇದ್ದಾಗ. ಏಪ್ರಿಲ್ ಮಧ್ಯಾಹ್ನ ಸೆಲ್ಲು 60 ಡಿಗ್ರಿ ದಾಟಿದರೆ ಅದು 27ರ ಹತ್ತಿರಕ್ಕೆ ಇಳಿಯುತ್ತದೆ. ಬ್ಯಾಟರಿ ತುಂಬಲು 28.8 ವೋಲ್ಟ್ ಮುಟ್ಟಬೇಕು. ಅಷ್ಟರಲ್ಲಿ ಕರೆಂಟು ಕುಸಿದಿರುತ್ತದೆ. ಸುಡುವ ಬಿಸಿಲಿದ್ದೂ ಬ್ಯಾಟರಿ ತುಂಬದ ಈ ವಿಚಿತ್ರಕ್ಕೆ ಕಾರಣ ಹುಡುಕುತ್ತ ಜನ ಕಂಟ್ರೋಲರನ್ನೇ ಬದಲಿಸಿಬಿಡುತ್ತಾರೆ. ಚಳಿಯಲ್ಲಿ ಇದರ ತಿರುವುಮುರುವು. 540ರ ಎರಡು ಪ್ಯಾನೆಲ್ ಸೀರೀಸಿನಲ್ಲಿದ್ದರೆ ವಿಒಸಿ 99 ವೋಲ್ಟ್. ಡಿಸೆಂಬರಿನಲ್ಲಿ 10 ಡಿಗ್ರಿಯ ಬೆಳಗು, ಬ್ಯಾಟರಿ ಇನ್ನೂ ಕರೆಂಟು ಎಳೆಯಲು ಶುರುಮಾಡಿಲ್ಲ. ಆ ಹೊತ್ತಿಗೆ ಅದು 103ಕ್ಕೆ ಏರಿ 100 ವೋಲ್ಟಿನ ಮಿತಿಯ ಕಂಟ್ರೋಲರನ್ನು ಸುಟ್ಟೀತು. ಎರಡು ಪ್ಯಾನೆಲ್ ಹಾಕುವವರು 150 ವೋಲ್ಟಿನದ್ದನ್ನು ಕೊಳ್ಳಲಿ.

ವಯರಿನ ವಿಷಯದಲ್ಲಿ ಜಿಪುಣತನ ಬೇಡ. ಅಡಿಕೆ ಮರದ ನೆರಳು ತಪ್ಪಿಸಲು ಪ್ಯಾನೆಲನ್ನು ಅಂಗಳದಾಚೆ 15 ಮೀಟರ್ ದೂರಕ್ಕೆ ಒಯ್ಯಬೇಕಾಗುತ್ತದೆ. ಹೋಗಿಬರುವ ದಾರಿ ಸೇರಿ 30 ಮೀಟರ್. 4 ಚದರ ಮಿಲಿಮೀಟರಿನ ತಾಮ್ರದ ವಯರಿನಲ್ಲಿ 13 ಆಂಪಿಯರ್ ಹರಿದರೆ ಸುಮಾರು 2 ವೋಲ್ಟ್ ಕಳೆಯುತ್ತದೆ. 41ರಲ್ಲಿ 2 ಹೋದರೆ ಸಹಿಸಬಹುದು. 18 ವೋಲ್ಟಿನ ಪ್ಯಾನೆಲುಗಳನ್ನು ಪ್ಯಾರಲಲ್ ಮಾಡಿ 20 ಆಂಪಿಯರ್ ಹರಿಸಿದರೆ ಹೋಗುವುದು 3 ವೋಲ್ಟ್, ಬಿಸಿಗೆ ಇಳಿಯುವುದು ಇನ್ನೆರಡು. ಉಳಿದದ್ದರಲ್ಲಿ ಬ್ಯಾಟರಿ 14.4 ಮುಟ್ಟುವ ಮೊದಲೇ ಕರೆಂಟು ಬತ್ತತೊಡಗುತ್ತದೆ.

ಪ್ಯಾನೆಲನ್ನು ದಕ್ಷಿಣಕ್ಕೆ ಕಡಿದಾಗಿ ಓರೆಮಾಡುವ ಅಗತ್ಯವೂ ನಮ್ಮಲ್ಲಿಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ನೀರು ಜಾರಿಹೋಗುವಂತೆ 10ರಿಂದ 15 ಡಿಗ್ರಿ ಓರೆ ಕೊಟ್ಟರಾಯಿತು. ಕೆಳಗಿನ ಚೌಕಟ್ಟಿನ ಅಂಚಿಗೆ ಕಟ್ಟುವ ಹಸಿರು ಪಾಚಿಯನ್ನು ಮಾತ್ರ ತಿಂಗಳಿಗೊಮ್ಮೆ ಉಜ್ಜಿ ತೆಗೆಯಿರಿ. ಬೆರಳಗಲದ ಆ ಪಟ್ಟಿ ಕೆಳಸಾಲಿನ ಸೆಲ್ಲುಗಳಿಗೆ ನೆರಳಾಗಿ ಅವುಗಳೊಂದಿಗೆ ಜೋಡಿಸಿದ ಮೇಲಿನ ಸೆಲ್ಲುಗಳನ್ನೂ ಕಟ್ಟಿಹಾಕುತ್ತದೆ.

ರಾತ್ರಿ ಹತ್ತಕ್ಕೇ ದೀಪ ಮಂಕಾಗುವ ಮನೆಯಲ್ಲಿ ಸಾಮಾನ್ಯವಾಗಿ ಮಾಡುವ ಉಪಾಯ ಇನ್ನೆರಡು ಬ್ಯಾಟರಿ ತಂದು ಹಳೆಯದರ ಪಕ್ಕ ಪ್ಯಾರಲಲ್ ಮಾಡುವುದು. ಒಂದು ವಾರ ಚೆನ್ನಾಗಿರುತ್ತದೆ. ಪ್ಯಾನೆಲ್ ಇದ್ದಷ್ಟೇ ಇರುವುದರಿಂದ ಆಮೇಲೆ ನಾಲ್ಕೂ ಅರೆಹೊಟ್ಟೆಯಲ್ಲಿ ನಿಲ್ಲುತ್ತವೆ, ಪ್ಲೇಟುಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ, ಹಳೆಯದು ಹೊಸದನ್ನೂ ತನ್ನ ಮಟ್ಟಕ್ಕೆ ಇಳಿಸುತ್ತದೆ. ಹಾಗೆ ತರುವ ಮೊದಲು ಸಂಜೆ ನಾಲ್ಕರ ಹೊತ್ತಿಗೆ ಹಳೆಯ ಬ್ಯಾಟರಿಯ ಒಂದೊಂದು ಸೆಲ್ಲಿನ ಮುಚ್ಚಳ ತೆಗೆದು ಹೈಡ್ರೋಮೀಟರ್ ಇಳಿಸಿ ನೋಡಿ. ತುಂಬಿದ ಟ್ಯೂಬ್ಯುಲರ್ ಬ್ಯಾಟರಿ 1240ರ ಹತ್ತಿರ ತೋರಿಸಬೇಕು. ದಿನವೂ 1180ರಲ್ಲೇ ನಿಂತಿದೆಯೆಂದರೆ ಹೊಸ ಬ್ಯಾಟರಿಯ ದುಡ್ಡಿಗೆ ಇನ್ನೊಂದು ಪ್ಯಾನೆಲ್ ತನ್ನಿ, ಜೊತೆಗೆ ಕಂಟ್ರೋಲರ್ ಎಷ್ಟು ಆಂಪಿಯರ್ ತಾಳುತ್ತದೆಂದೂ ನೋಡಿಕೊಳ್ಳಿ. ಚಾರ್ಜಿಂಗ್ ಕರೆಂಟಿಗೆ ಮಿತಿ ಹಾಕುವ ಸೌಲಭ್ಯ ಅದರಲ್ಲಿದ್ದರೆ 20 ಆಂಪಿಯರಿಗೆ ನಿಲ್ಲಿಸಿ. ಬೇಸಿಗೆಯಲ್ಲಿ ಎರಡನೇ ಪ್ಯಾನೆಲಿನ ಹೆಚ್ಚಿನ ಪಾಲು ಬಳಕೆಯಾಗದೆ ಹೋಗಲಿ, ಅದನ್ನು ತಂದದ್ದು ಜುಲೈಗೆ.