ಬ್ರೌಸರ್ ಕೈಬಿಟ್ಟರೆ ಭಾಷೆ ಸತ್ತೀತೇ?

ಎಕ್ಸ್‌ಎಂಎಲ್ ಗುರುತು ಹಾಕಿದ ಪಠ್ಯವನ್ನು ಬೇಕಾದ ರೂಪಕ್ಕೆ ಬದಲಿಸುವ ಎಕ್ಸ್‌ಎಸ್‌ಎಲ್‌ಟಿ ಭಾಷೆಯನ್ನು ಕ್ರೋಮ್ ಬ್ರೌಸರಿನಿಂದ ತೆಗೆದುಹಾಕುವ ಯೋಜನೆಯನ್ನು ಗೂಗಲ್ 2025ರಲ್ಲಿ ಪ್ರಕಟಿಸಿದ ಮೇಲೆ ತಂತ್ರಾಂಶ ಬಲ್ಲವರಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ: ಆ ಭಾಷೆಯ ಕಾಲ ಮುಗಿಯಿತು, ಹೊಸ ಕೆಲಸಕ್ಕೆ ಕೈಹಾಕುವವರು ಅದರ ತಂಟೆಗೆ ಹೋಗಬಾರದು. ನಾನು ಇದನ್ನು ಒಪ್ಪುವುದಿಲ್ಲ. ನನ್ನ ಕಾರಣ ಅಮೀನಗಡದ ಪಕ್ಕದ ಐಹೊಳೆಯಲ್ಲಿ, ಮೇಗುತಿ ಬಸದಿಯ ಗೋಡೆಯಲ್ಲಿದೆ.

ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆದ, ಇಮ್ಮಡಿ ಪುಲಿಕೇಶಿಯನ್ನು ಹೊಗಳುವ ಶಾಸನ ಅದು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ಪದ್ಯಗಳು 37, ಕಲ್ಲಿನ ಮೇಲಿನ ಸಾಲುಗಳು 19. ಪದ್ಯದ ಲೆಕ್ಕವೇ ಬೇರೆ, ಸಾಲಿನ ಲೆಕ್ಕವೇ ಬೇರೆ. ಒಂದು ಮುಗಿಯುವಲ್ಲಿ ಇನ್ನೊಂದು ಮುಗಿಯುವುದಿಲ್ಲ. ಛಂದಸ್ಸು ನೋಡುವವರಿಗೆ ಪದ್ಯ ಬೇಕು. ಲಿಪಿ ನೋಡುವವರಿಗೆ ಕಲ್ಲಿನ ಸಾಲು ಇದ್ದಂತೆಯೇ ಬೇಕು. ಶಾಲೆಯ ಮಕ್ಕಳಿಗೆ ಇವೆರಡರ ಗೋಜಿಲ್ಲದ ಸರಳ ಪಾಠ ಸಾಕು. ನಮ್ಮಲ್ಲಿ ಸಾಮಾನ್ಯವಾಗಿ ಇವಕ್ಕೆ ಮೂರು ಫೈಲು ಮಾಡುತ್ತೇವೆ. ಆಮೇಲೆ ಒಂದರಲ್ಲಿ ತಿದ್ದಿದ ಅಕ್ಷರ ಉಳಿದೆರಡರಲ್ಲಿ ತಪ್ಪಾಗಿಯೇ ಉಳಿಯುತ್ತದೆ.

ಶಾಸನಗಳಿಗೆಂದೇ ರೂಪಿಸಿದ ಎಪಿಡಾಕ್ ಪದ್ಧತಿಯಲ್ಲಿ ಫೈಲು ಒಂದೇ. ಪದ್ಯ ಎಲ್ಲಿಂದ ಎಲ್ಲಿಯವರೆಗೆ ಎಂಬುದಕ್ಕೆ ಎಕ್ಸ್‌ಎಂಎಲ್ ಗುರುತು ಇರುತ್ತದೆ. ಕಲ್ಲಿನಲ್ಲಿ ಸಾಲು ಮುರಿದ ಜಾಗದಲ್ಲಿ, ಅದು ಪದದ ನಡುವೆಯೇ ಇರಲಿ, ಒಂದು ಖಾಲಿ ಟ್ಯಾಗ್ ಕೂರುತ್ತದೆ. ಅಳಿಸಿಹೋದ ಅಕ್ಷರಕ್ಕೊಂದು ಗುರುತು, ಅಲ್ಲಿ ಸಂಪಾದಕರು ಊಹಿಸಿ ತುಂಬಿದ್ದಕ್ಕೆ ಮತ್ತೊಂದು. ಇನ್ನು ಎಕ್ಸ್‌ಎಸ್‌ಎಲ್‌ಟಿಯ ಕೆಲಸ. ಸಾಲಿನ ಟ್ಯಾಗ್ ಸಿಕ್ಕಲ್ಲಿ ಹೊಸ ಸಾಲು ಹಾಕಿ ಅಂಕಿ ಕೊಡು, ಪದ್ಯದ ಗುರುತನ್ನು ಬಿಡು ಎಂದು ಒಂದು ನಿಯಮಾವಳಿ. ಇದಕ್ಕೆ ತದ್ವಿರುದ್ಧವಾದದ್ದು ಇನ್ನೊಂದು. ಊಹಿಸಿದ ಅಕ್ಷರ ವಿದ್ವಾಂಸರ ಪ್ರತಿಯಲ್ಲಿ ಚೌಕ ಕಂಸದೊಳಗೆ ಬರಲಿ, ಮಕ್ಕಳ ಪ್ರತಿಯಲ್ಲಿ ಕಂಸ ಬೇಡ ಎಂದು ಮೂರನೆಯದು. ಮೂಲದಲ್ಲಿ ಒಂದು ಕಡೆ ತಿದ್ದಿ ಮತ್ತೆ ಓಡಿಸಿದರೆ ಮೂರೂ ಪುಟಗಳು ಸರಿಹೋಗುತ್ತವೆ. ಶಾಸನದ ಕೊನೆಯ ಭಾಗವನ್ನು ಆಮೇಲೆ ಸೇರಿಸಿದ್ದು ಎಂದು ವಿದ್ವಾಂಸರು ಹೇಳುತ್ತಾರಲ್ಲ, ಅದಕ್ಕೂ ಮೂಲದಲ್ಲಿ ಒಮ್ಮೆ ಗುರುತು ಹಾಕಿದರೆ ಆಯಿತು.

ಬ್ರೌಸರ್ ವಾದಕ್ಕೆ ಬರುತ್ತೇನೆ. ಜೇಮ್ಸ್ ಕ್ಲಾರ್ಕ್ ಸಂಪಾದಿಸಿದ ಎಕ್ಸ್‌ಎಸ್‌ಎಲ್‌ಟಿ 1.0 ಆವೃತ್ತಿಯನ್ನು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ ಹೊರತಂದದ್ದು 1999ರ ನವೆಂಬರ್ 16ರಂದು. ಬ್ರೌಸರುಗಳು ಕಲಿತದ್ದು ಅಷ್ಟೇ. ಮೈಕಲ್ ಕೇ ಸಂಪಾದಕತ್ವದಲ್ಲಿ 2007ರಲ್ಲಿ 2.0, 2017ರಲ್ಲಿ 3.0 ಬಂದವು, ಎರಡನ್ನೂ ಬ್ರೌಸರುಗಳು ಒಳಗೆ ಬಿಟ್ಟುಕೊಳ್ಳಲಿಲ್ಲ. ಹಾಗಾಗಿ ಈಗ ಹೋಗುತ್ತಿರುವುದು ಕಾಲು ಶತಮಾನದ ಹಿಂದಿನ ಒಂದು ಆವೃತ್ತಿ. ತೆಗೆಯಲು ಗೂಗಲ್ ಕೊಡುವ ಭದ್ರತೆಯ ಕಾರಣ ನ್ಯಾಯವಾದದ್ದೇ. ಕ್ರೋಮ್ ನೆಚ್ಚಿಕೊಂಡಿದ್ದ ಲಿಬ್‌ಎಕ್ಸ್‌ಎಸ್‌ಎಲ್‌ಟಿ ಹಳೆಯ ಸಿ ಕೋಡು, ನೋಡಿಕೊಳ್ಳುವ ಕೈಗಳು ಕಡಿಮೆ, ಮೆಮರಿ ದೋಷಗಳು ಮತ್ತೆ ಮತ್ತೆ ಸಿಕ್ಕಿವೆ. ಕೋಟಿಗಟ್ಟಲೆ ಜನರ ಫೋನಿನಲ್ಲಿ ಅದನ್ನು ಉಳಿಸಿಕೊಳ್ಳಿ ಎಂದು ಕೇಳುವ ಹಕ್ಕು ನಮಗಿಲ್ಲ. ಆದರೆ ಶಾಸನದ ಪುಟವನ್ನು ಓದುಗರ ಫೋನಿನಲ್ಲೇ ರೂಪಾಂತರಿಸಬೇಕೆಂದು ಯಾರು ಹೇಳಿದರು? ಎಕ್ಸ್‌ಎಸ್‌ಎಲ್‌ಟಿ ಓಡಿಸುವ ಸ್ಯಾಕ್ಸನ್ ಎಂಬ ತಂತ್ರಾಂಶ ಬಳಸಿ ರೂಪಾಂತರವನ್ನು ನಮ್ಮ ಕಂಪ್ಯೂಟರಿನಲ್ಲೇ ಮೊದಲೇ ಮಾಡಿ, ಬಂದ ಸಾದಾ ಎಚ್‌ಟಿಎಂಎಲ್ ಪುಟವನ್ನು ಏರಿಸಿದರೆ ಯಾವ ಬ್ರೌಸರಿನ ಹಂಗೂ ಇಲ್ಲ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ: ಎಲ್ಲವನ್ನೂ ಜೇಸನ್ ಎಂಬ ದತ್ತಾಂಶ ರೂಪದಲ್ಲಿಟ್ಟು ಜಾವಾಸ್ಕ್ರಿಪ್ಟ್‌ನಲ್ಲಿ ಬರೆದರೆ ಆಗದೇ? ಮಾರುಕಟ್ಟೆಯ ದರಪಟ್ಟಿಗೆ ಧಾರಾಳವಾಗಿ ಆಗುತ್ತದೆ. ವಾಕ್ಯದೊಳಗೆ ಪದ, ಪದದೊಳಗೆ ಅರ್ಧ ಸವೆದ ಅಕ್ಷರ, ಅದರ ನಡುವೆ ಸಾಲಿನ ತುಂಡು ಇರುವ ಪಠ್ಯಕ್ಕೆ ಜೇಸನ್ ಒಗ್ಗುವುದಿಲ್ಲ. ಎಕ್ಸ್‌ಎಸ್‌ಎಲ್‌ಟಿಯ ಬರವಣಿಗೆ ಉದ್ದುದ್ದ, ನಿಜ, 1.0ರಲ್ಲಿ ಗುಂಪು ಮಾಡುವ ಕೆಲಸವಂತೂ ಹಿಂಸೆಯೇ ಆಗಿತ್ತು, 2.0 ಬಂದ ಮೇಲೆ ಆ ಕಷ್ಟ ತೀರಿತು. ಎಐಗೆ ಹೇಳಿದರೆ ಕ್ಷಣದಲ್ಲಿ ಮಾಡಿಕೊಡುತ್ತದೆ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು: ಸವೆದ ಅಕ್ಷರವನ್ನು ಊಹಿಸಿದ್ದು ಯಾರು ಎಂಬುದು ಶಾಸನದ ಓದಿನಲ್ಲಿ ಮುಖ್ಯ. ಅಲ್ಲಿ ನನಗೆ ಪ್ರತಿಸಲವೂ ಒಂದೇ ಫಲ ಕೊಡುವ, ಬರೆದಿಟ್ಟ ನಿಯಮ ಬೇಕು.

ಕನ್ನಡದಲ್ಲಿ ನನ್ನನ್ನು ಹೆಚ್ಚು ನೋಯಿಸುವ ಸಂಗತಿ ಬೇರೆ. ಸ್ಕ್ಯಾನ್ ಮಾಡಿ ಪಿಡಿಎಫ್ ಏರಿಸಿದರೆ ಡಿಜಿಟಲೀಕರಣ ಮುಗಿಯಿತು ಎಂದು ನಂಬಿದ್ದೇವೆ. ಬಿ.ಎಲ್. ರೈಸ್ 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನು ಇಂದು ಪರದೆಯ ಮೇಲೆ ತೆರೆದರೆ ಸಾಮಾನ್ಯವಾಗಿ ಸಿಗುವುದು ಅದೇ ಅಚ್ಚಿನ ಪುಟದ ಚಿತ್ರ. ಯುನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳ ಫಾಂಟುಗಳಲ್ಲಿ ಟೈಪು ಮಾಡಿದ ರಾಶಿಯನ್ನು ಪರಿವರ್ತಿಸುವುದರಲ್ಲೇ ಎಷ್ಟೋ ಜನರ ಶ್ರಮ ಹೋಗಿದೆ. ಅಷ್ಟು ಪಾಡುಪಟ್ಟು ಪಡೆದ ಪಠ್ಯವನ್ನು ಗುರುತುಗಳಿಲ್ಲದೆ ಬರಿದಾಗಿ ಇಡುವುದು ಸರಿಯಲ್ಲ. ಹಣ ಕೊಡುವ ಸಂಸ್ಥೆಗಳು ಪಿಡಿಎಫ್ ಜೊತೆಗೆ ಗುರುತು ಹಾಕಿದ ಮೂಲವನ್ನೂ ರೂಪಾಂತರದ ನಿಯಮಗಳನ್ನೂ ಕೇಳಿ ಪಡೆಯಬೇಕು.

ಬಾದಾಮಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನವಿದೆ. ಅದರಲ್ಲಿ ಸಂಸ್ಕೃತವೂ ಇದೆ, ಕನ್ನಡವೂ ಇದೆ, ತ್ರಿಪದಿಯೂ ಇದೆ. ಯಾವ ಭಾಗ ಯಾವ ಭಾಷೆ, ಯಾವುದು ತ್ರಿಪದಿ ಎಂದು ಇಂದು ಗುರುತು ಹಾಕಿಟ್ಟರೆ, ನಾಳೆ ಶಾಸನಗಳಲ್ಲಿರುವ ತ್ರಿಪದಿಗಳನ್ನಷ್ಟೇ ಒಂದು ಪುಟಕ್ಕೆ ತರಬೇಕೆನ್ನುವ ವಿದ್ಯಾರ್ಥಿ ಮೂಲವನ್ನು ಮುಟ್ಟಬೇಕಿಲ್ಲ. ಹೊಸದಾಗಿ ಹತ್ತು ಸಾಲಿನ ನಿಯಮ ಬರೆದರೆ ಸಾಕು.